ಗೋದಾಮಿನ ಬಾಗಿಲ ಮೇಲಿನ ಚಿತ್ರ

ಮೌಲಾಸಾಬ್ ಮೇಷ್ಟ್ರು ಇಪ್ಪತ್ತಾರು ವರ್ಷ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿದರು. ಮೊದಲು ಜಗಳೂರು, ಆಮೇಲೆ ಚನ್ನಗಿರಿ, ಕೊನೆಯ ಹನ್ನೊಂದು ವರ್ಷ ಹೊನ್ನಾಳಿ. ಅವರ ತಂದೆ ನ್ಯಾಮತಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮಗ ಮೈಸೂರಿಗೆ ಹೋಗಿ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಬಂದಾಗ ಆ ಮುದುಕ ಬೈಯಲಿಲ್ಲ. "ಜೀವ ಇರೋದನ್ನ ಬರೀಬ್ಯಾಡಪ್ಪಾ. ಗಿಡ ಬರಿ, ಮನೆ ಬರಿ" ಎಂದಷ್ಟೇ ಹೇಳಿದರು. ತಂದೆ ಇರುವವರೆಗೆ ಮೌಲಾಸಾಬ್ ಆ ಮಾತು ನಡೆಸಿದರು. ಅವರು ತೀರಿಕೊಂಡ ಮೇಲೆ ಮನುಷ್ಯರ ಕೈಗಳನ್ನು ಬರೆಯತೊಡಗಿದರು. ಅಡಿಕೆ ಸುಲಿಯುವ ಕೈ, ಹಗ್ಗ ಹೊಸೆಯುವ ಕೈ, ಹಿಟ್ಟು ನಾದುವ ಕೈ. ಮುಖವನ್ನು ಯಾರಾದರೂ ಕೇಳಿಕೊಂಡರೆ ಮಾತ್ರ ಬರೆದುಕೊಡುತ್ತಿದ್ದರು.

ಶಾಲೆಯಲ್ಲಿ ಚಿತ್ರದ ಪಾಠಕ್ಕೆ ಅಂಥ ಮರ್ಯಾದೆ ಇರಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಪಾಠ ಉಳಿದರೆ ಇವರ ಪೀರಿಯಡ್ಡನ್ನೇ ಕೇಳುತ್ತಿದ್ದರು, ಇವರೂ ಬಿಟ್ಟುಕೊಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ಹೆಮ್ಮೆ. ಹುಡುಗರು ಹೆಸರು ಬರೆಯದೆ ಕೊಟ್ಟ ನಲವತ್ತು ಹಾಳೆಗಳನ್ನು ಕಲಸಿ ಮುಂದಿಟ್ಟರೂ ಯಾವುದು ಯಾರದು ಎಂದು ತಪ್ಪದೆ ಹೇಳುತ್ತಿದ್ದರು. ಹೆಡ್‌ಮಾಸ್ತರ್ ಪಂಚಾಕ್ಷರಪ್ಪನವರು ಶಾಲೆಗೆ ಬಂದ ದೊಡ್ಡವರೆದುರು ಇದನ್ನು ಮಾಡಿಸಿ ತೋರಿಸುತ್ತಿದ್ದರು. "ನಮ್ಮ ಮೌಲಾಸಾಬ್‌ರಿಗೆ ಹೆಸರು ಬ್ಯಾಡ, ಗೆರೆ ಸಾಕು" ಎನ್ನುತ್ತಿದ್ದರು. ಮೌಲಾಸಾಬ್ ತಲೆ ತಗ್ಗಿಸಿ ನಗುತ್ತಿದ್ದರು.

ಊರಿನ ದವಸದ ವ್ಯಾಪಾರಿ ಷಣ್ಮುಖಪ್ಪನವರ ಪರಿಚಯ ಆದದ್ದು ಮೂವತ್ನಾಲ್ಕನೇ ಇಸವಿಯಲ್ಲಿ. ಅವರ ತಂದೆ ಫೋಟೋ ತೆಗೆಸಿಕೊಳ್ಳದೆ ತೀರಿಹೋಗಿದ್ದರು. ಮನೆಯವರು ಹೇಳುವುದನ್ನು ಕೇಳಿ ಮೌಲಾಸಾಬ್ ಅವರ ಮುಖ ಬರೆದುಕೊಡಬೇಕಿತ್ತು. ಆ ಕೆಲಸ ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಭಾನುವಾರ ಅವರು ಪಡಸಾಲೆಯಲ್ಲಿ ಕೂತು ಬರೆಯುವಾಗ ಷಣ್ಮುಖಪ್ಪನವರ ಮಗಳು ರುದ್ರಾಣಿ, ಹತ್ತು ವರ್ಷದವಳು, ಎದುರಿಗೆ ಕೂತು ಇದ್ದಿಲಿನಿಂದ ನೆಲದ ಮೇಲೆ ಅದನ್ನೇ ಬರೆಯುತ್ತಿದ್ದಳು. ಮೌಲಾಸಾಬ್ ಒಂದು ದಿನ ತಮ್ಮ ಹಾಳೆ ಬಿಟ್ಟು ನೆಲವನ್ನೇ ನೋಡುತ್ತ ಕೂತರು. ಅಲ್ಲಿಂದ ಮೂರು ವರ್ಷ ಭಾನುವಾರ ಭಾನುವಾರ ಅವಳಿಗೆ ಹೇಳಿಕೊಟ್ಟರು.

ಅವಳಂಥ ಕೈ ಅವರಿಗೆ ಶಾಲೆಯಲ್ಲಿ ಒಂದೂ ಸಿಕ್ಕಿರಲಿಲ್ಲ. ಹೆಗಲಿನಿಂದ ಬೆರಳ ತುದಿಯವರೆಗೆ ಒಂದೇ ಎಳೆತ. ಆದರೆ ಒಂದು ಕೆಟ್ಟ ರೂಢಿ ಇತ್ತು. ಕೈ ಬರೆಯುವಾಗ ಹೆಬ್ಬೆರಳನ್ನು ಎಲ್ಲಕ್ಕಿಂತ ಕೊನೆಗೆ ಬರೆಯುತ್ತಿದ್ದಳು. ಹಾಗಾಗಿ ಅದರ ಬುಡದಲ್ಲಿ ಗೆರೆ ಕೂಡಿಕೊಳ್ಳದೆ ಜೋಳದ ಕಾಳಿನಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಮೂರು ವರ್ಷ ತಿದ್ದಿದರೂ ಅದು ಹೋಗಲಿಲ್ಲ. ಆಮೇಲೆ ಅವಳನ್ನು ಚನ್ನಗಿರಿಗೆ ಮದುವೆ ಮಾಡಿ ಕೊಟ್ಟರು. ಗಂಡ ವಿಷಮಶೀತ ಜ್ವರದಲ್ಲಿ ಸತ್ತ. ಹದಿನೆಂಟಕ್ಕೆ ರುದ್ರಾಣಿ ತೌರಿಗೆ ವಾಪಸು ಬಂದು ಹಿತ್ತಲ ಕಡೆಯ ಕೋಣೆ ಸೇರಿದಳು. ಅವಳಿಗೆ ಮತ್ತೆ ಪಾಠ ಹೇಳಿ ಎಂದು ಯಾರೂ ಮೇಷ್ಟ್ರಿಗೆ ಹೇಳಲಿಲ್ಲ.

ನಲವತ್ಮೂರನೇ ಇಸವಿ. ಯುದ್ಧದ ಕಾಲ. ಸರ್ಕಾರದವರು ರೈತರ ಮನೆಯಿಂದ ಭತ್ತ, ಜೋಳ ಲೆವಿ ಎಂದು ಕಡ್ಡಾಯವಾಗಿ ತೆಗೆದುಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಅಕ್ಕಿ ಇಲ್ಲ. ಹಳ್ಳಿಗಳಲ್ಲಿ ಜನ ಹುಣಸೆ ಬೀಜ ಹುರಿದು ಕುಟ್ಟಿ ಗಂಜಿ ಕಾಯಿಸುತ್ತಿದ್ದರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೊನ್ನಾಳಿಯ ದವಸದ ಗೋದಾಮಿನ ಬಾಗಿಲ ಮೇಲೆ ಒಂದು ಚಿತ್ರ ಅಂಟಿಸಿತ್ತು. ಬಟ್ಟೆ ಸುತ್ತಿ ಕೊಡುವ ಕಂದು ಕಾಗದ, ಇದ್ದಿಲಿನ ಗೆರೆ. ವಸೂಲಿಗೆ ಬಂದಿದ್ದ ಅಧಿಕಾರಿಯ ಹೊಟ್ಟೆಯೇ ಒಂದು ಗೋಣಿಚೀಲ. ಪಕ್ಕದಲ್ಲಿ ನಿಂತ ವ್ಯಾಪಾರಿಯೊಬ್ಬ ದಬ್ಬಳದಿಂದ ಅದರ ಬಾಯಿ ಹೊಲಿಯುತ್ತಿದ್ದಾನೆ. ಕೆಳಗೆ ನೆಲದ ಮೇಲೆ ಹೆಂಗಸೊಬ್ಬಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಚೀಲದಿಂದ ಉದುರಿದ ಕಾಳು ಆರಿಸುತ್ತಿದ್ದಾಳೆ. ಕೂಸಿನ ಕತ್ತು ಒಂದು ಪಕ್ಕಕ್ಕೆ ಬಿದ್ದಿತ್ತು. ವ್ಯಾಪಾರಿಯ ಮುಖ ಕಾಣುತ್ತಿರಲಿಲ್ಲ. ಕಿರುಬೆರಳಿನಲ್ಲಿ ದಪ್ಪನೆಯ ಚೌಕದ ಉಂಗುರ ಇತ್ತು. ಅದು ಯಾರದೆಂದು ಊರಿಗೇ ಗೊತ್ತು.

ಬಿಸಿಲೇರುವ ಹೊತ್ತಿಗೆ ಊರು ನಕ್ಕು ಮುಗಿಸಿತ್ತು. ಮಧ್ಯಾಹ್ನ ಷಣ್ಮುಖಪ್ಪನವರು ದೂರು ಕೊಟ್ಟರು. ಮಾರನೇ ದಿನ ಬೇರೆ ಊರಿನಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದ. ಹಿಂದಿನ ವರ್ಷದ ಸ್ವಾತಂತ್ರ್ಯದ ಗಲಾಟೆಯಲ್ಲಿ ಶಾಲೆಯ ಹುಡುಗರು ಮೆರವಣಿಗೆ ಮಾಡಿದ್ದರಿಂದ ಅವನು ಸೀದಾ ಶಾಲೆಗೇ ಹೋದ. ಹೆಡ್‌ಮಾಸ್ತರ ಕೋಣೆಯಲ್ಲಿ ಮೇಜಿನ ಮೇಲೆ ಚಿತ್ರ ಹಾಸಿ ಮೌಲಾಸಾಬ್‌ರನ್ನು ಕರೆಸಿದರು. ಷಣ್ಮುಖಪ್ಪನವರೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು.

"ಮೇಷ್ಟ್ರೇ, ಇದು ನಿಮ್ಮ ಹುಡುಗರಲ್ಲಿ ಯಾರದ್ದು?" ಎಂದ ಇನ್‌ಸ್ಪೆಕ್ಟರ್.

ಮೌಲಾಸಾಬ್ ಬಗ್ಗಿ ನೋಡಿದರು. ನೋಡುತ್ತ ನೋಡುತ್ತ, ಎಲ್ಲಿದ್ದೇನೆ ಎನ್ನುವುದನ್ನೇ ಮರೆತರು.

"ಇದು ನಮ್ಮ ಹುಡುಗರದಲ್ಲ ಸ್ವಾಮಿ. ಅವರ ಕೈಲಿ ಆಗಲ್ಲ. ಈ ಕೈ ಪಳಗೈತೆ."

"ಪಳಗಿದೆ ಅಂತೀರಿ. ಹಾಗಾದರೆ ಯಾರದು ಅಂತ ಗೊತ್ತು."

ಅಷ್ಟು ಹೊತ್ತಿಗೆ ಮೌಲಾಸಾಬ್‌ರ ಕಣ್ಣು ದಬ್ಬಳ ಹಿಡಿದ ಕೈಯ ಹೆಬ್ಬೆರಳಿಗೆ ಹೋಗಿತ್ತು. ಬುಡದಲ್ಲಿ ಗೆರೆ ಕೂಡಿರಲಿಲ್ಲ. ಅವರು ತಲೆ ಎತ್ತಿದರು. ಎದುರಿಗೆ ಅವಳ ಅಪ್ಪ ಕೂತಿದ್ದರು.

"ಗೊತ್ತಿಲ್ಲ" ಎಂದರು. ಆದರೆ ತಡವಾಗಿತ್ತು. ಮುಖದ ಬಣ್ಣ ಇಳಿದದ್ದನ್ನು ಇನ್‌ಸ್ಪೆಕ್ಟರ್ ನೋಡಿದ್ದ.

"ನಾಳೆ ಹೊತ್ತಿಗೆ ನೆನಪು ಮಾಡಿಕೊಳ್ಳಿ. ಇಲ್ಲದಿದ್ದರೆ ನಮಗೆ ಯಾರ ಮೇಲೆ ಅನುಮಾನವೋ ಅವರನ್ನು ಎಳೆದುಕೊಂಡು ಹೋಗುತ್ತೇವೆ."

ಆ ದಿನ ಸಂಜೆ ಮೌಲಾಸಾಬ್ ಷಣ್ಮುಖಪ್ಪನವರ ಮನೆಗೆ ಹೋದರು. ಯಜಮಾನರು ಅಂಗಡಿಯಲ್ಲಿದ್ದರು. ತಾವು ಬರೆದ ಹಳೆಯ ಪಟಕ್ಕೆ ಗೆದ್ದಲು ಹಿಡಿದಿದೆಯೋ ನೋಡಬೇಕು ಎಂದು ನೆಪ ಹೇಳಿ ಪಡಸಾಲೆಯಲ್ಲಿ ಕೂತರು. ರುದ್ರಾಣಿ ನೀರು ತಂದು ಇಟ್ಟಳು.

"ನೀನೇ ಏನಮ್ಮಾ?" ಎಂದು ಮೆಲ್ಲಗೆ ಕೇಳಿದರು.

"ಹೌದು ಮೇಷ್ಟ್ರೇ."

"ಯಾಕೆ?"

ರುದ್ರಾಣಿ ಕಂಬಕ್ಕೆ ಒರಗಿ ನಿಂತಳು. "ನಮ್ಮ ಮನೆ ಕೆಲಸಕ್ಕೆ ಬರ್ತಾಳಲ್ಲ, ಬೊಮ್ಮಕ್ಕ. ಅಕ್ಕಿ ಕೇಳಾಕೆ ಮೂರು ದಿನ ಬಂದ್ಲು. ಅಪ್ಪ ಇಲ್ಲ ಅಂದ್ರು. ನನ್ನ ಕೋಣೆ ಅಟ್ಟದ ಮ್ಯಾಲೆ ಮೂಟೆ ಅದಾವೆ ಮೇಷ್ಟ್ರೇ. ಇಲಿ ತಿನ್ನೋ ಸದ್ದು ನಂಗೆ ಕೇಳಿಸ್ತೈತೆ. ನಾಲ್ಕನೇ ದಿನ ಅವಳ ಕೂಸು ಹೋತು. ನಾನೇನು ಮಾಡಾಕೆ ಆಗ್ತೈತೆ? ಮನೆಯಿಂದ ಹೊರಗೆ ಕಾಲಿಡಂಗಿಲ್ಲ. ಬರಿಯಾಕೆ ಬರ್ತೈತೆ, ಬರೆದೆ. ಬೊಮ್ಮಕ್ಕನೇ ಒಯ್ದು ಅಂಟಿಸಿದ್ಲು."

ಮೌಲಾಸಾಬ್ ನೀರಿನ ಲೋಟ ಹಿಡಿದುಕೊಂಡೇ ಕೂತರು.

"ನಾಳೆ ನಾನೇ ಹೇಳ್ತೀನಿ, ನಾನು ಬರೆದದ್ದು ಅಂತ" ಎಂದಳು ರುದ್ರಾಣಿ.

"ಹೇಳಬ್ಯಾಡ. ಬೊಮ್ಮಕ್ಕನ್ನೂ ಎಳಕೊಂಡು ಹೋಗ್ತಾರೆ. ನಾನು ಗೊತ್ತಿಲ್ಲ ಅಂದೀನಿ, ನಾಳೆನೂ ಗೊತ್ತಿಲ್ಲ ಅಂತೀನಿ. ಎರಡು ದಿನ ಕೂಗಾಡಿ ಹೋಗ್ತಾರೆ." ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ತಡೆಯಲಾರದೆ ಅಂದರು: "ಕೂಸಿನ ಕತ್ತು ಭಾಳ ಚಂದ ಬರೆದೀಯ. ಹೆಬ್ಬೆರಳು ಮಾತ್ರ ಇನ್ನೂ ಕೊನೆಗೇ ಬರೀತೀಯಲ್ಲ."

ಮಾರನೇ ದಿನ ಅವರೆಣಿಸಿದಂತೆ ಆಗಲಿಲ್ಲ. ಇನ್‌ಸ್ಪೆಕ್ಟರ್ ಮೇಲಿನ ತರಗತಿಯ ಹುಡುಗರಿಗೆಲ್ಲ ಒಂದೊಂದು ಕೈ ಬರೆಯಲು ಹೇಳಿ ಹಾಳೆಗಳನ್ನು ಮೌಲಾಸಾಬ್‌ರ ಮುಂದೆ ಹಾಕಿಸಿದ. ಒಂದೊಂದನ್ನೂ ಚಿತ್ರದ ಪಕ್ಕ ಇಟ್ಟು ನೋಡಬೇಕು. ಅವರು ನೋಡಿದರು, ಯಾವುದೂ ಅಲ್ಲ ಎಂದರು.

"ನಾಗರಾಜ ಅನ್ನೋನು ಯಾರು?" ಎಂದು ಕೇಳಿದ ಇನ್‌ಸ್ಪೆಕ್ಟರ್.

ನಾಗರಾಜ ಗೋವಿನಕೋವಿಯ ರೈತರ ಮಗ. ಹದಿನಾರು ವರ್ಷ. ಹಿಂದಿನ ವರ್ಷ ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದ. ಚಿತ್ರದಲ್ಲಿ ಅವನಷ್ಟು ದಡ್ಡ ಆ ತರಗತಿಯಲ್ಲೇ ಇರಲಿಲ್ಲ.

"ಸ್ವಾಮಿ, ಅವನಿಗೆ ಒಂದು ಬಿಂದಿಗೆ ನೆಟ್ಟಗೆ ಬರಿಯಾಕೆ ಬರಲ್ಲ" ಎಂದರು ಮೌಲಾಸಾಬ್.

"ಬರದಂತೆ ನಟಿಸುತ್ತಿರಬಹುದು" ಎಂದ ಇನ್‌ಸ್ಪೆಕ್ಟರ್.

ಹುಡುಗನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಭೂಪಟಗಳನ್ನು ಸುತ್ತಿ ಇಡುತ್ತಿದ್ದರು. ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ಪೆಟ್ಟಿನ ಸದ್ದು ಕೇಳಿಸಿತು. ನಾಗರಾಜ ಮೊದಲು "ನಾನಲ್ಲ ಸಾರ್" ಎನ್ನುತ್ತಿದ್ದ. ಆಮೇಲೆ ಅವ್ವನನ್ನು ಕರೆಯತೊಡಗಿದ. ಪಂಚಾಕ್ಷರಪ್ಪನವರು ಕಿಟಕಿಯ ಕಡೆ ತಿರುಗಿ ನಿಂತರು. ಷಣ್ಮುಖಪ್ಪ ಉಂಗುರ ತಿರುಗಿಸುತ್ತ ಕೂತಿದ್ದರು.

"ಬಿಡ್ರಿ ಅವನ್ನ" ಎಂದರು ಮೌಲಾಸಾಬ್. ಯಾರೂ ಕೇಳಲಿಲ್ಲ. ಎದ್ದು ಹೋಗಿ ಬಾಗಿಲು ಬಡಿದರು. "ಬಿಡ್ರಿ. ನಾನು ಬರೆದದ್ದು. ನಾನೇ ಬರೆದು ಅಂಟಿಸಿದ್ದು."

ಒಳಗೆ ಪೆಟ್ಟಿನ ಸದ್ದು ನಿಂತಿತು. ಮೊದಲು ಮಾತಾಡಿದವರು ಪಂಚಾಕ್ಷರಪ್ಪನವರು. "ಮೌಲಾಸಾಬ್‌ರೇ, ಹುಡುಗನ ಮ್ಯಾಲಿನ ಕರುಣೆಗೆ ಏನೇನೋ ಹೇಳಬ್ಯಾಡ್ರಿ. ಮೂರು ವರ್ಷ ಹೋದ್ರೆ ನಿಮಗೆ ಪಿಂಚಣಿ ಐತೆ."

ಇನ್‌ಸ್ಪೆಕ್ಟರಿಗೂ ನಂಬಿಕೆ ಬರಲಿಲ್ಲ. ಒಂದು ಹಾಳೆ, ಒಂದು ಇದ್ದಿಲು ತರಿಸಿ ಮೇಜಿನ ಮೇಲೆ ಇಟ್ಟ. ಗೋದಾಮಿನ ಚಿತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. "ಬರೆದು ತೋರಿಸಿ."

ಮೌಲಾಸಾಬ್ ಕೂತರು. ತಮ್ಮ ರೀತಿಯಲ್ಲಿ ಬರೆದರೆ ಹಿಡಿಯುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಅವರ ಗೆರೆ ಚಿಕ್ಕದು, ತಡೆದು ತಡೆದು ಹೋಗುವಂಥದು. ಅವರು ರುದ್ರಾಣಿ ಕೈ ಹೇಗೆ ಎತ್ತುತ್ತಿದ್ದಳು, ಹೇಗೆ ಉಸಿರು ಬಿಗಿ ಹಿಡಿಯುತ್ತಿದ್ದಳು ಎಂದು ನೆನಪು ಮಾಡಿಕೊಂಡರು. ಹೆಗಲಿನಿಂದ ಬೆರಳಿನವರೆಗೆ ಒಂದೇ ಎಳೆತ ಎಳೆದರು. ನಾಲ್ಕು ಬೆರಳು ಬರೆದು, ದಬ್ಬಳ ಬರೆದು, ಉಂಗುರ ಬರೆದು, ಕೊನೆಗೆ ಹೆಬ್ಬೆರಳು ಬರೆದರು. ಬುಡದಲ್ಲಿ ಜೋಳದ ಕಾಳಿನಷ್ಟು ಜಾಗ ಬಿಟ್ಟರು. ಮೂರು ವರ್ಷ ಅವಳ ಕೈಯಿಂದ ತೆಗೆಸಬೇಕೆಂದು ಹೆಣಗಿದ ತಪ್ಪನ್ನು ಅಂದು ಬೇಕೆಂದೇ ಮಾಡಿದರು.

ಇನ್‌ಸ್ಪೆಕ್ಟರ್ ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನಾಗರಾಜನನ್ನು ಬಿಡಲು ಹೇಳಿದ.

ಷಣ್ಮುಖಪ್ಪನವರು ಎದ್ದು ನಿಂತರು. "ನಮ್ಮ ಮನೆ ಪಡಸಾಲ್ಯಾಗೆ ಕೂತು ಉಂಡೀಯಲ್ಲೋ. ನನ್ನ ಮಗಳಿಗೆ ಪಾಠ ಹೇಳಾಕೆ ಬಿಟ್ಟೆನಲ್ಲೋ ನಿನ್ನನ್ನ!"

ಮೌಲಾಸಾಬ್ ಬೆರಳಿಗೆ ಹತ್ತಿದ ಇದ್ದಿಲು ಒರೆಸಿಕೊಂಡರು.

ನ್ಯಾಯಾಲಯದಲ್ಲೂ ಷಣ್ಮುಖಪ್ಪ ಅದೇ ಮಾತು ಹೇಳಿದರು. ಮೌಲಾಸಾಬ್‌ರಿಗೆ ಒಂಬತ್ತು ತಿಂಗಳ ಶಿಕ್ಷೆ ಆಯಿತು. ನೌಕರಿ ಹೋಯಿತು, ಅದರ ಜೊತೆ ಪಿಂಚಣಿಯೂ ಹೋಯಿತು. ತೀರ್ಪಿನ ಸುದ್ದಿ ಬಂದ ದಿನ ರುದ್ರಾಣಿ ಅಪ್ಪನೆದುರು ಬಂದು ನಿಂತು ಎಲ್ಲವನ್ನೂ ಹೇಳಿದಳು. ಅವರು ನಂಬಲಿಲ್ಲ. ಅವಳು ಅಲ್ಲೇ ಗೋಡೆಯ ಮೇಲೆ ಆ ಕೈ ಬರೆದು ತೋರಿಸಿದಳು. ಷಣ್ಮುಖಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ತಾವೇ ಗೋಡೆ ಒರೆಸಿದರು.

"ಅಪ್ಪಾ, ಈಗಲಾದ್ರೂ ಹೋಗಿ ಹೇಳ್ರಿ. ಮೇಷ್ಟ್ರನ್ನ ಬಿಡಿಸ್ರಿ."

"ಏನಂತ ಹೇಳಲಿ? ನನ್ನ ಮಾನ ತೆಗೆದೋಳು ನನ್ನ ಮನ್ಯಾಗೇ ಅದಾಳೆ ಅಂತಾನಾ?" ಅವರ ದನಿ ಸಣ್ಣದಾಗಿತ್ತು. "ಅವನಾಗೇ ಒಪ್ಕಂಡಾನೆ. ನಾನೇನು ಒಪ್ಕ ಅಂದಿದ್ನಾ? ಈ ಮಾತು ಹೊಸಲು ದಾಟಿದ್ರೆ ನಿನ್ನನ್ನ ಬಾವಿಗೆ ನೂಕಿ ನಾನೂ ಬೀಳ್ತೀನಿ."

ವಾರದೊಳಗೆ ಅವಳನ್ನು ಜಗಳೂರಿಗೆ, ಸೋದರತ್ತೆ ಗಾದ್ರಮ್ಮನ ಮನೆಗೆ ಕಳಿಸಿದರು. ಬೊಮ್ಮಕ್ಕನನ್ನು ಕೆಲಸದಿಂದ ಬಿಡಿಸಿದರು. ಗಾದ್ರಮ್ಮ ಕೆಟ್ಟವಳಲ್ಲ, ಆದರೆ ಅಣ್ಣನ ಮಾತು ಮೀರುವವಳೂ ಅಲ್ಲ. ರುದ್ರಾಣಿ ಜೈಲಿಗೆ ಎರಡು ಕಾಗದ ಬರೆದಳು. ಎರಡೂ ಗಾದ್ರಮ್ಮನ ಒಲೆಗೆ ಹೋದವು.

ಮೌಲಾಸಾಬ್‌ರ ಹೆಂಡತಿ ರಹಮತ್‌ಬೀ ಹೊನ್ನಾಳಿಯ ಬಾಡಿಗೆ ಮನೆ ಬಿಟ್ಟು ಮಗಳನ್ನು ಕರೆದುಕೊಂಡು ನ್ಯಾಮತಿಗೆ, ಮಾವನ ಕಾಲದ ಹೆಂಚಿನ ಮನೆಗೆ ಬಂದಳು. ಮಗಳು ಹಫೀಜಾಗೆ ಚನ್ನಗಿರಿಯ ಒಬ್ಬ ದರ್ಜಿಯ ಜೊತೆ ಮಾತು ಆಗಿತ್ತು. ಜೈಲಿಗೆ ಹೋದವನ ಮಗಳು ಬೇಡ ಎಂದು ಅವರು ಹೇಳಿಕಳಿಸಿದರು. ಮದುವೆಯ ಬಟ್ಟೆ ಹೊಲಿದಾಗಿತ್ತು. ನಾಲ್ಕು ತಿಂಗಳು ನೋಡಿ, ಸವಳಂಗದಲ್ಲಿ ಗಾಡಿ ಹೊಡೆಯುವ ಒಬ್ಬ ವಿಧುರನಿಗೆ ಕೊಟ್ಟರು. ಅವನಿಗೆ ಮೂರು ಮಕ್ಕಳಿದ್ದವು. ಹಫೀಜಾ ಹೋಗುವಾಗ ಅಳಲಿಲ್ಲ. "ಅಬ್ಬಾಗೆ ಹೇಳು ಅಮ್ಮಾ, ಅವರ ಚಿತ್ರ ಭಾಳ ಚಂದ ಬಂದೈತಂತೆ ಅಂತ" ಎಂದು ಹೇಳಿ ಗಾಡಿ ಹತ್ತಿದಳು.

ಜೈಲಿನಿಂದ ಬಂದಾಗ ಮೌಲಾಸಾಬ್ ಕೆಮ್ಮುತ್ತಿದ್ದರು. ಸಂಗತಿ ತಿಳಿದು, ಒಂದು ರಾತ್ರಿಯೂ ಮಲಗದೆ ಸವಳಂಗಕ್ಕೆ ನಡೆದು ಹೋದರು. ಹಫೀಜಾ ಒಳಗಿನಿಂದ ಚಿಲಕ ಹಾಕಿಕೊಂಡಳು. ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕೂತಿದ್ದು ವಾಪಸು ಬಂದರು.

ರಹಮತ್‌ಬೀ ಒಂದೇ ಮಾತು ಕೇಳುತ್ತಿದ್ದಳು. ಅನ್ನ ಬಡಿಸುವಾಗ, ಕೌದಿ ಹೊಲಿಯುವಾಗ, ನೀರು ಸೇದುವಾಗ. "ಯಾಕ್ರೀ ಬರೆದ್ರಿ ಅದನ್ನ? ಮನೆಯಾಗೆ ಮದುವೆ ಹುಡುಗಿ ಇಟ್ಕೊಂಡು ಯಾಕ್ರೀ ಬರೆದ್ರಿ?"

"ತಪ್ಪಾತು" ಎನ್ನುತ್ತಿದ್ದರು ಮೌಲಾಸಾಬ್. ಅದಕ್ಕಿಂತ ಹೆಚ್ಚು ಒಂದು ಮಾತನ್ನೂ ಆಡಲಿಲ್ಲ. ಹೇಳಿದರೆ ಅವಳು ನೇರ ಹೊನ್ನಾಳಿಗೆ ಹೋಗಿ ಷಣ್ಮುಖಪ್ಪನ ಅಂಗಡಿಯ ಮುಂದೆ ನಿಲ್ಲುತ್ತಾಳೆ ಎಂದು ಅವರಿಗೆ ಗೊತ್ತಿತ್ತು.

ಎರಡೂವರೆ ವರ್ಷ ಹಾಗೆ ನಡೆಯಿತು. ಎತ್ತಿನ ಗಾಡಿಗಳಿಗೆ ಬಣ್ಣ ಹೊಡೆದರು, ಅಂಗಡಿಗಳ ಬೋರ್ಡು ಬರೆದರು, ರೇಷನ್ ಲೆಕ್ಕದವರಿಗಾಗಿ ಮನೆ ಮನೆ ಬಾಗಿಲಿನ ಮೇಲೆ ಟಾರಿನಲ್ಲಿ ನಂಬರು ಹಾಕಿದರು. ನಾಗರಾಜ ಒಮ್ಮೆ ಗೋವಿನಕೋವಿಯಿಂದ ಒಂದು ಚೀಲ ಜೋಳ ಹೊತ್ತುಕೊಂಡು ಬಂದಿದ್ದ. ಅಂದಿನ ಪೆಟ್ಟಿನಿಂದ ಅವನ ಎಡಗಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಚೀಲ ಇಳಿಸಿ ಮೇಷ್ಟ್ರ ಮುಂದೆ ಕೂತಿದ್ದು ಎದ್ದು ಹೋದ. ನಲವತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಮೌಲಾಸಾಬ್ ರಕ್ತ ಕಾರತೊಡಗಿದರು. ದೀಪಾವಳಿಗೆ ಮುಂಚೆ ತೀರಿಕೊಂಡರು. ಮಣ್ಣಿಗೆ ಹತ್ತು ಜನ ಬಂದಿದ್ದರು. ಮಗಳು ಬರಲಿಲ್ಲ.

ಜಗಳೂರಿಗೆ ಸುದ್ದಿ ಮುಟ್ಟಿದ್ದು ಒಂದು ತಿಂಗಳು ತಡವಾಗಿ. ರುದ್ರಾಣಿ ಅತ್ತೆಗೆ ಹೇಳದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದಳು. ಎರಡು ಕಡೆ ಬಸ್ಸು ಬದಲಾಯಿಸಿ, ಒಂದು ಕಡೆ ರಾತ್ರಿ ಧರ್ಮಛತ್ರದಲ್ಲಿ ತಂಗಿ ನ್ಯಾಮತಿಗೆ ಬಂದಳು. ರಹಮತ್‌ಬೀ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು.

ರುದ್ರಾಣಿ ಅಂಗಳದಲ್ಲಿ ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ರಹಮತ್‌ಬೀಯ ಸೂಜಿ ಅರ್ಧ ಮಾತಿನಲ್ಲಿ ನಿಂತಿತು.

"ಇನ್ನೊಂದು ಸಲ ಹೇಳು" ಎಂದಳು.

ರುದ್ರಾಣಿ ಇನ್ನೊಂದು ಸಲ ಹೇಳಿದಳು.

"ತಪ್ಪಾತು ಅಂತಿದ್ರು" ಎಂದಳು ರಹಮತ್‌ಬೀ. "ದಿನಾ ಕೇಳ್ತಿದ್ದೆ ನಾನು. ದಿನಾ ತಪ್ಪಾತು ಅಂತಿದ್ರು. ಸಾಯೋ ದಿನಾನೂ ಕೇಳಿದೆ ಕಣವ್ವಾ. ಬಾಯಿಗೆ ನೀರು ಬಿಡೋವಾಗ್ಲೂ ಕೇಳಿದೆ."

ರುದ್ರಾಣಿ ಕಾಲು ಮುಟ್ಟಲು ಬಗ್ಗಿದಳು. ರಹಮತ್‌ಬೀ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಂಗೆ ನಿನ್ನ ಮ್ಯಾಲೆ ಸಿಟ್ಟು ಬರ್ತಿಲ್ಲ. ಸಿಟ್ಟೆಲ್ಲಾ ಅವರ ಮ್ಯಾಲೇ ಖರ್ಚು ಮಾಡಿಬಿಟ್ಟೀನಿ. ನೀನು ಹೇಳಿ ಹಗುರಾದೆ. ನಾನು ಯಾರ ಹತ್ರ ಹೋಗ್ಲಿ?" ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಅಂದಳು: "ಸವಳಂಗಕ್ಕೆ ಹೋಗು. ಹಫೀಜಾಗೆ ಹೇಳು. ನಾ ಹೇಳಿದ್ರೆ, ಸತ್ತೋರನ್ನ ಒಳ್ಳೇರು ಮಾಡಾಕೆ ಕಥೆ ಕಟ್ಟೀನಿ ಅಂತಾಳೆ."

ರುದ್ರಾಣಿ ಸವಳಂಗಕ್ಕೆ ನಡೆದೇ ಹೋದಳು. ಹಫೀಜಾ ಹಿತ್ತಿಲಲ್ಲಿ ಗಂಡನ ಮಕ್ಕಳ ಬಟ್ಟೆ ಒಗೆಯುತ್ತಿದ್ದಳು. ಕೇಳುತ್ತ ಕೇಳುತ್ತ ಒಗೆಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಬಟ್ಟೆ ಹಿಂಡಿ ಬೇಲಿಯ ಮೇಲೆ ಹಾಕಿದಳು.

"ಮುಂದೆ ಏನು ಮಾಡ್ತೀಯ?" ಎಂದು ಕೇಳಿದಳು.

"ಹೆಡ್‌ಮಾಸ್ತರ ಹತ್ರ ಹೋಗ್ತೀನಿ. ಬರೆದು ಕೊಡ್ತೀನಿ. ಅಪ್ಪನ ಹೆಸರೂ ಬರೀತೀನಿ."

"ಅದರಿಂದ ಏನಾಗ್ತೈತೆ?"

"ಗೊತ್ತಿಲ್ಲ."

ಹಫೀಜಾ ಕೈ ಒರೆಸಿಕೊಂಡಳು. "ಅಬ್ಬಾ ಇಲ್ಲಿಗೆ ಬಂದಿದ್ರು. ನಾ ಬಾಗಿಲು ತೆಗೀಲಿಲ್ಲ. ಸಂದಿಯಿಂದ ನೋಡ್ತಾ ನಿಂತಿದ್ದೆ. ನಮ್ಮ ಸಣ್ಣ ಹುಡುಗಿ ಹೋಗಿ ಅವರ ಪಕ್ಕ ಕೂತ್ಕಂಡ್ಲು. ಅವಳ ಸ್ಲೇಟಿನ ಮ್ಯಾಲೆ ಒಂದು ಕೋಳಿ ಬರೆದುಕೊಟ್ರು. ಅವಳು ಅಳಿಸಿ ಇನ್ನೊಂದು ಬರೀರಿ ಅಂದ್ಲು. ಮಧ್ಯಾಹ್ನದವರೆಗೂ ಬರೀತಾನೇ ಇದ್ರು."

ರುದ್ರಾಣಿ ಒಂದು ಹೆಜ್ಜೆ ಮುಂದೆ ಇಟ್ಟಳು. ಹಫೀಜಾ ಬೇಡ ಎಂದು ಕೈ ಅಡ್ಡ ಹಿಡಿದಳು.

"ಹೋಗು. ಇನ್ನೊಂದು ಬಸ್ಸೈತೆ, ಅದು ತಪ್ಪಿದ್ರೆ ನಾಳೆವರೆಗೆ ಇಲ್ಲ" ಎಂದು ಹೇಳಿ ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ರುದ್ರಾಣಿ ಬಸ್ಸು ಹಿಡಿದು ಹೊನ್ನಾಳಿಗೆ ಹೋದಳು. ಪಂಚಾಕ್ಷರಪ್ಪನವರು ಅವಳು ಬರೆದುಕೊಟ್ಟದ್ದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೇಲಿನವರಿಗೆ ಕಳಿಸ್ತೀನಮ್ಮಾ" ಎಂದರು. ಕಳಿಸಿದರು ಕೂಡ. ಎಂಟು ತಿಂಗಳ ಮೇಲೆ, ಸಂಬಂಧಪಟ್ಟ ವ್ಯಕ್ತಿ ಮೃತರಾಗಿರುವುದರಿಂದ ವಿಚಾರಣೆಯ ಅಗತ್ಯ ಕಾಣುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಷಣ್ಮುಖಪ್ಪನವರು ಮಗಳು ಸತ್ತಳೆಂದು ಊರಿಗೆ ಹೇಳಿದರು. ಅವಳು ಜಗಳೂರಿನಲ್ಲೇ ಉಳಿದಳು, ಗಾದ್ರಮ್ಮನ ಮನೆ ಬಿಟ್ಟು, ಒಂದು ಕೋಣೆಯಲ್ಲಿ, ಹಪ್ಪಳ ಲಟ್ಟಿಸಿ ಮಾರಿಕೊಂಡು.